ನಮ್ಮ ಬೀದಿಯತ್ತ ಒಮ್ಮೆಯೂ ಸುಳಿಯದ ಹಿಮಬಿರುಗಾಳಿಯವರಿಗೆ

ಪರಮ ಶೀತಲರೂ, ರಸ್ತೆಗಳನ್ನು ಮುಚ್ಚಿ ಹೃದಯಗಳನ್ನು ತೆರೆಯುವುದರಲ್ಲಿ ಪಳಗಿದವರೂ, ಸಮಸ್ತ ಪ್ರೇಮ ಕಾದಂಬರಿಗಳ ಎರಡನೆಯ ಅಧ್ಯಾಯಕ್ಕೆ ತಪ್ಪದೆ ದಯಮಾಡಿಸುವವರೂ ಆದ ಶ್ರೀಯುತ ಹಿಮಬಿರುಗಾಳಿಯವರ ಸನ್ನಿಧಿಗೆ, ಐಸ್‌ಕ್ರೀಮ್ ಗೋದಾಮಿನ ಕೋಲ್ಡ್ ರೂಮಿನಲ್ಲಿ ದುಡಿಯುವ ಹೆಂಗಸೊಬ್ಬಳ ನಡುಗುವ ನಮಸ್ಕಾರಗಳು.

ಮಾನ್ಯರೇ,

ತಾವು ಬೀಸುವ ಸೀಮೆಯಲ್ಲಿ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ಅಕಸ್ಮಾತ್ ಯಾರಾದರೂ ಕ್ಷೇಮವಾಗಿಲ್ಲದಿದ್ದರೆ, ಅಂಥವರನ್ನು ಮರದ ಮನೆಯ ಗಡ್ಡದ ಯಜಮಾನನೊಬ್ಬ ಈಗಾಗಲೇ ಬೆಂಕಿಯ ಮುಂದೆ ಕೂರಿಸಿ ಕಂಬಳಿ ಹೊದಿಸಿರುತ್ತಾನೆ ಎಂಬ ಭರವಸೆಯೂ ಇದೆ. ತಮ್ಮ ಕಚೇರಿ ಧ್ರುವಪ್ರದೇಶದಲ್ಲಿದೆಯೋ, ಪುಸ್ತಕ ಪ್ರಕಾಶಕರ ಹಿಂದಿನ ಕೋಣೆಯಲ್ಲಿದೆಯೋ ತಿಳಿಯದ ಕಾರಣ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು. ಕಳೆದ ಮಂಗಳವಾರ ನಮ್ಮ ಗೋದಾಮಿನಲ್ಲಿ ಸೈರನ್ ಕೂಗಿ, ಕೆಲಸವೆಲ್ಲ ನಿಂತು, ತುಂಬುತ್ತಿದ್ದ ಲಾರಿಯ ಬಾಗಿಲು ತೆರೆದೇ ಉಳಿದು, ವೆನಿಲಾ ಐಸ್‌ಕ್ರೀಮು ಅಂಗಳದಲ್ಲಿ ಹೊಳೆಯಾಗಿ ಹರಿಯಿತು. ಇದಕ್ಕೆ ಯಾರು ಹೊಣೆ ಎಂದು ಮ್ಯಾನೇಜರು ನನ್ನನ್ನು ಕೇಳಿದ್ದಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು ಇದು. ಸೈರನ್ ಗುಂಡಿ ಒತ್ತಿದ ಬೆರಳು ನನ್ನದೇ, ಅದನ್ನು ನಾನು ಎಲ್ಲಿಯೂ ಅಲ್ಲಗಳೆಯುವುದಿಲ್ಲ. ಆದರೆ ಒತ್ತಿಸಿದವರು ತಾವು. ಆದ್ದರಿಂದ ಮ್ಯಾನೇಜರಿಗೆ ಕೊಡಬೇಕಾದ ವಿವರಣೆಯನ್ನು ತಮಗೇ ಬರೆದು, ಅವರಿಗೆ ಒಂದು ಪ್ರತಿಯನ್ನು ಕಳಿಸುತ್ತಿದ್ದೇನೆ.

ಮೊದಲು ನಮ್ಮ ಸಂಸಾರದ ಪರಿಚಯ. ನಾನು ಸೊನ್ನೆಗಿಂತ ಹದಿನೆಂಟು ಡಿಗ್ರಿ ಕೆಳಗಿರುವ ಕೋಣೆಯಲ್ಲಿ ದಪ್ಪ ಕೋಟು, ಎರಡೆರಡು ಜೊತೆ ಕೈಗವಸು, ಕಿವಿ ಮುಚ್ಚುವ ಟೋಪಿ ತೊಟ್ಟು, ಐಸ್‌ಕ್ರೀಮಿನ ಪೆಟ್ಟಿಗೆಗಳನ್ನು ಎತ್ತಿ ಜೋಡಿಸುವವಳು. ನಮ್ಮ ಯಜಮಾನರದು ಬೀದಿಯ ತಿರುವಿನಲ್ಲಿ ಇಸ್ತ್ರಿ ಅಂಗಡಿ. ತಗಡಿನ ಸೂರಿನ ಕೆಳಗೆ, ಕೆಂಡ ತುಂಬಿದ ಇಸ್ತ್ರಿ ಪೆಟ್ಟಿಗೆ ಹಿಡಿದು, ದಿನವಿಡೀ ಬೇಯುವುದು ಅವರ ಕೆಲಸ. ಸಂಜೆ ನಾನು ಹೆಪ್ಪುಗಟ್ಟಿ ಬರುತ್ತೇನೆ, ಅವರು ಬೆಂದು ಬರುತ್ತಾರೆ. ನಾನು ಫ್ಯಾನು ಆರಿಸುತ್ತೇನೆ, ಅವರು ಹಾಕುತ್ತಾರೆ. ನಾನು ಕಿಟಕಿ ಮುಚ್ಚುತ್ತೇನೆ, ಅವರು ತೆಗೆಯುತ್ತಾರೆ. ನಮ್ಮಿಬ್ಬರನ್ನೂ ಒಂದು ಪಾತ್ರೆಯಲ್ಲಿ ಹಾಕಿ ಕಲಕಿದ್ದರೆ ಹದವಾದ ಬಿಸಿನೀರು ಸಿಗುತ್ತಿತ್ತು ಎಂದು ನಮ್ಮ ಅತ್ತೆಯವರು ಬಂದವರಿಗೆಲ್ಲ ಹೇಳುತ್ತಾರೆ. ಹೀಗಿದ್ದರೂ ಜಗಳ ಫ್ಯಾನಿನ ರೆಗ್ಯುಲೇಟರು ದಾಟಿ ಹೋಗಿರಲಿಲ್ಲ, ತಾವು ನಡುವೆ ಬರುವವರೆಗೆ.

ತಾವು ನಮ್ಮ ಮನೆ ಹೊಕ್ಕಿದ್ದು ರದ್ದಿ ಪೇಪರಿನ ದಾರಿಯಿಂದ. ಇಸ್ತ್ರಿ ಮಾಡಿದ ಬಟ್ಟೆ ಸುತ್ತಿ ಕೊಡಲು ಯಜಮಾನರು ರದ್ದಿ ಅಂಗಡಿಯಿಂದ ಹಳೆಯ ಪೇಪರಿನ ಕಟ್ಟು ತರುವುದುಂಟು. ಅಂಥ ಒಂದು ಕಟ್ಟಿನೊಳಗೆ, ರಟ್ಟು ಕಿತ್ತುಹೋದ ಕಾದಂಬರಿಯೊಂದರ ರೂಪದಲ್ಲಿ ತಾವು ಅಡಗಿ ಕುಳಿತಿದ್ದಿರಿ. ಅದರಲ್ಲಿ ಪಟ್ಟಣದ ಹುಡುಗಿಯೊಬ್ಬಳ ಕಾರು ಬೆಟ್ಟದ ದಾರಿಯಲ್ಲಿ ಹಿಮಕ್ಕೆ ಸಿಕ್ಕಿ ನಿಲ್ಲುತ್ತದೆ. ಒಂಟಿ ಮನೆಯ ದೀಪ ಕಾಣುತ್ತದೆ. ಬಾಗಿಲು ತೆರೆದವನು ಮಾತು ಬಾರದವನಂತೆ ನಿಂತು, ಕೊಡಲಿ ಕೆಳಗಿಟ್ಟು, 'ಒಳಗೆ ಬಾ' ಎನ್ನುತ್ತಾನೆ. ಇಷ್ಟು ಓದುವಷ್ಟರಲ್ಲಿ ಯಜಮಾನರ ಕೈಯಲ್ಲಿದ್ದ ಇಸ್ತ್ರಿ ಪೆಟ್ಟಿಗೆ ಒಂದೇ ಕಡೆ ನಿಂತು, ಬ್ಯಾಂಕಿನವರೊಬ್ಬರ ಬಿಳಿ ಅಂಗಿಯ ಬೆನ್ನಿನ ಮೇಲೆ ದೋಣಿಯಾಕಾರದ ಕಂದು ಮುದ್ರೆ ಬಿತ್ತು. ಬ್ಯಾಂಕಿನವರು ಬಂದು ಕೂಗಾಡಿದರೆ, ನಮ್ಮವರು ನೆತ್ತಿಯ ಬೆವರು ಒರೆಸುತ್ತ, 'ಸಾರ್, ಅಲ್ಲಿ ಎಂಥಾ ಚಳಿ ಗೊತ್ತಾ' ಎಂದು ಅವರಿಗೇ ಕಥೆ ಹೇಳತೊಡಗಿದರಂತೆ.

ಆ ಮೊದಲ ಕಾದಂಬರಿಯ ಕೊನೆಯ ಹಾಳೆಗಳು ಗಿರಾಕಿಗಳ ಬಟ್ಟೆ ಸುತ್ತಿಕೊಂಡು ಆಗಲೇ ಊರು ಸೇರಿದ್ದವು. ಯಜಮಾನರು ಕೆಲಸ ಬಿಟ್ಟು ಮನೆಮನೆ ಬಾಗಿಲು ತಟ್ಟಿ, 'ಬಟ್ಟೆ ಇಟ್ಕೊಳ್ಳಿ, ಸುತ್ತಿದ ಪೇಪರ್ ವಾಪಸ್ ಕೊಡಿ' ಎಂದು ಕೇಳಿದರು. ಒಬ್ಬ ಅಜ್ಜಿ ಅದನ್ನು ಅಡುಗೆಮನೆಯ ಕಪಾಟಿಗೆ ಹಾಸಿಕೊಂಡಿದ್ದರು. ಇವರು ಡಬ್ಬಗಳನ್ನೆಲ್ಲ ಸರಿಸಿ, ತಲೆ ಒಳಗೆ ತೂರಿಸಿ, ನಾಯಕ ತನ್ನ ಪ್ರೀತಿಯನ್ನು ಒಪ್ಪಿಕೊಳ್ಳುವುದನ್ನು ಅಲ್ಲೇ ಬಗ್ಗಿ ನಿಂತು ಓದಿ ಬಂದರು. ಅಂದಿನಿಂದ ರದ್ದಿ ಅಂಗಡಿಯವನು ಕವರಿನ ಮೇಲೆ ಹಿಮ ಕಂಡ ಪುಸ್ತಕಗಳನ್ನೆಲ್ಲ ಇವರಿಗೆಂದು ತೆಗೆದಿಡುತ್ತಾನೆ. ಒಮ್ಮೆ ಹಿಮವೆಂದು ತಿಳಿದು ಹಲ್ಲುಪುಡಿ ಕಂಪನಿಯ ವಾರ್ಷಿಕ ವರದಿಯನ್ನೂ ತೆಗೆದಿಟ್ಟಿದ್ದ, ಅದನ್ನೂ ಇವರು ಅರ್ಧ ಓದಿದರು.

ಮಾನ್ಯರೇ, ತಮ್ಮ ಸಮಯಪಾಲನೆಯನ್ನು ಹೊಗಳದಿದ್ದರೆ ನನ್ನ ನಾಲಿಗೆಗೆ ದೋಷ ಬರುತ್ತದೆ. ನಮ್ಮ ಕಡೆಯ ಮಳೆ, ಹಗ್ಗದ ಮೇಲೆ ಬಟ್ಟೆ ಕಂಡರೆ ಮಾತ್ರ ಬರುತ್ತದೆ; ತಾವಾದರೋ ನಾಯಕಿ ಒಳಗೆ ಕಾಲಿಟ್ಟೊಡನೆ ರಸ್ತೆ ಮುಚ್ಚಿ, ಫೋನು ಕೆಡಿಸಿ, ದೀಪ ಆರಿಸಿ, ಇಬ್ಬರಿಗೂ ಪ್ರೀತಿ ಬಲಿಯುವವರೆಗೆ ಹೊರಗೆ ಕಾವಲು ನಿಂತು, ಆಮೇಲೆ ಯಾರಿಗೂ ತೊಂದರೆ ಕೊಡದೆ ಕರಗಿ ಹೋಗುತ್ತೀರಿ. ತಮ್ಮ ಆಡಳಿತದ ಮನೆಗಳಲ್ಲಿ ಇಡೀ ಚಳಿಗಾಲಕ್ಕೆ ಸಾಲುವಷ್ಟು ಸೌದೆ ಇರುತ್ತದೆ, ಸೂಪು ಇರುತ್ತದೆ, ನಾಯಿ ಇರುತ್ತದೆ. ಎರಡನೆಯ ಮಂಚ ಒಂದು ಮಾತ್ರ ಇರುವುದಿಲ್ಲ. ಕೈಯಲ್ಲಿ ಕೊಡಲಿ ಇದೆ, ಸುತ್ತ ಕಾಡಿದೆ, ದಿನಗಟ್ಟಲೆ ಬಿಡುವೂ ಇದೆ, ಇನ್ನೊಂದು ಮಂಚ ಮಾಡಿಕೊಳ್ಳಲು ಆ ಗಡ್ಡದವನಿಗೆ ಏನು ಧಾಡಿ ಎಂದು ನಾನು ಕೇಳಿದ್ದಕ್ಕೆ, ಯಜಮಾನರು ನನ್ನ ಜೊತೆ ರಾತ್ರಿ ಊಟದವರೆಗೆ ಮಾತಾಡಲಿಲ್ಲ.

ಚಳಿಯ ವಿಷಯದಲ್ಲಿ ಮಾತ್ರ ತಮ್ಮ ಲೇಖಕರು ಹೇಳುವುದೆಲ್ಲ ದೂರದ ಬೆಟ್ಟ ನುಣ್ಣಗೆ ಎಂಬಂತಿದೆ. ಚಳಿಯಲ್ಲಿ ಮೊದಲು ಸೋರುವುದು ಮೂಗು. ಅದನ್ನು ಒರೆಸಲು ಕೈಗವಸು ತೆಗೆಯಬೇಕು, ತೆಗೆದರೆ ಬೆರಳು ಮರಗಟ್ಟುತ್ತದೆ, ಮರಗಟ್ಟಿದ ಬೆರಳಿಗೆ ಮೂಗು ಎಲ್ಲಿದೆ ಎಂದು ತಿಳಿಯುವುದಿಲ್ಲ. ಇಷ್ಟು ಕಾದಂಬರಿಗಳಲ್ಲಿ ಮೂಗು ಸೋರಿದ ನಾಯಕಿ ಒಬ್ಬಳೂ ಇಲ್ಲ; ಎಲ್ಲರಿಗೂ ಕೆನ್ನೆ ಕೆಂಪಾಗುತ್ತದೆ, ಅಷ್ಟೆ. ನಮ್ಮ ಅತ್ತೆಯವರ ಚಿಂತೆ ಬೇರೆ. ಮಗ ಗಟ್ಟಿಯಾಗಿ ಓದುವುದನ್ನು ಕೇಳುತ್ತ ಅವರು ಪ್ರತಿ ಪುಟಕ್ಕೂ, 'ಆ ಹುಡುಗಿ ಅಮ್ಮಂಗೆ ಫೋನ್ ಮಾಡಿದ್ಲೇನೋ?' ಎಂದು ಕೇಳುತ್ತಾರೆ. ಫೋನು ಕೆಟ್ಟಿದೆ ಎಂದರೆ, ಪಕ್ಕದ ಮನೆಯಿಂದ ಮಾಡಬಹುದಿತ್ತಲ್ಲ ಎನ್ನುತ್ತಾರೆ. ಪಕ್ಕದ ಮನೆಯೇ ಇಲ್ಲದ ಜಾಗವೊಂದು ಭೂಮಿಯ ಮೇಲಿದೆ ಎಂಬುದನ್ನು ಅವರು ಇನ್ನೂ ಒಪ್ಪಿಲ್ಲ.

ಇಷ್ಟಾದರೂ ನಾನು ದೂರು ಬರೆಯುತ್ತಿರಲಿಲ್ಲ. ಒಂದು ಸಂಜೆ ಕೆಲಸ ಮುಗಿಸಿ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಬೆರಳುಗಳು ಬೆರಳುಗಳಾಗಿ ಉಳಿದಿರಲಿಲ್ಲ. ಬೀಗದ ಕೈ ಹಿಡಿಯಲೂ ಬರುತ್ತಿರಲಿಲ್ಲ. ಒಳಗೆ ಯಜಮಾನರು ಓದುತ್ತ ಕುಳಿತಿದ್ದರು, ಕೆನ್ನೆಯ ಮೇಲೆ ಕಣ್ಣೀರು. ನನ್ನನ್ನು ಕಂಡೊಡನೆ, 'ಪಾಪ ಕಣೇ, ಅವಳ ಕೈ ಮಂಜುಗಡ್ಡೆ ಆಗಿದೆ, ಇವನು ತನ್ನ ಎರಡೂ ಕೈಯಲ್ಲಿಟ್ಟುಕೊಂಡು ಊದ್ತಾ ಇದಾನೆ' ಎಂದರು. 'ರೀ, ನನ್ನ ಕೈಯೂ ಒಂದ್ಸಲ ಮುಟ್ಟಿ ನೋಡಿ' ಎಂದೆ. 'ಇರು, ಈ ಪುಟ ಮುಗೀಲಿ' ಎಂದರು. ಪುಟ ಮುಗಿಯಿತು, ಅಧ್ಯಾಯವೂ ಮುಗಿಯಿತು. ನಾನು ಅಡುಗೆಮನೆಗೆ ಹೋಗಿ ಬಿಸಿ ಪಾತ್ರೆಯ ಹೊರಮೈಗೆ ಕೈ ಒತ್ತಿ ನಿಂತುಕೊಂಡೆ. ಮನೆಗೆ ಮಾರಿ ಊರಿಗೆ ಉಪಕಾರಿ ಎಂಬ ಮಾತು ಕೇಳಿದ್ದೆ. ಊರಿಗೂ ಅಲ್ಲದೆ, ಇಲ್ಲದೇ ಇರುವ ಹುಡುಗಿಯೊಬ್ಬಳಿಗೆ ಉಪಕಾರಿಯಾದ ಗಂಡಸನ್ನು ಕಂಡದ್ದು ಅಂದೇ. ನನಗೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಆ ಹುಡುಗಿಯ ಮೇಲೆ ಹೊಟ್ಟೆಕಿಚ್ಚೂ ಆಯಿತು, ಸುಳ್ಳೇಕೆ ಹೇಳಲಿ.

ಇಲ್ಲಿ ನಮ್ಮ ಕೆಲಸದ ಒಂದು ಪದ್ಧತಿಯನ್ನು ತಮಗೆ ತಿಳಿಸಬೇಕು. ಕೋಲ್ಡ್ ರೂಮಿಗೆ ಒಬ್ಬರು ಹೋದರೆ ಇನ್ನೊಬ್ಬರು ಹೊರಗೆ ಬಾಗಿಲ ಬಳಿ ನಿಲ್ಲಬೇಕು. ಹೊರಗಿನವರು ಆಗಾಗ ಬಾಗಿಲನ್ನು ಎರಡು ಸಲ ತಟ್ಟಬೇಕು, ಒಳಗಿನವರು ಎರಡು ಸಲ ತಟ್ಟಿ ಉತ್ತರ ಕೊಡಬೇಕು. ಚೆನ್ನಾಗಿದ್ದೇನೆ, ಇದ್ದೇನೆ ಎಂದು ಅದರ ಅರ್ಥ. ಉತ್ತರ ಬಾರದಿದ್ದರೆ ಒಬ್ಬರೇ ಒಳಗೆ ನುಗ್ಗುವಂತಿಲ್ಲ, ಇಬ್ಬರೂ ಬಿದ್ದಾರು ಎಂಬ ಭಯಕ್ಕೆ. ಮೊದಲು ಸೈರನ್ ಒತ್ತಬೇಕು. ನನ್ನ ಜೋಡಿ ಒಬ್ಬ ಹಿರಿಯರು, ಮಾತು ಮಾತಿಗೆ ಬಿಸಿಯಾಗುವುದರಿಂದ ಅವರನ್ನು ಎಲ್ಲರೂ ಹೀಟರಣ್ಣ ಎನ್ನುತ್ತಾರೆ. ಎಷ್ಟೇ ಕೋಪವಿದ್ದರೂ ಹೀಟರಣ್ಣ ಒಂದು ತಟ್ಟಿಗೂ ಉತ್ತರ ತಪ್ಪಿಸಿದವರಲ್ಲ. ಈ ಅಭ್ಯಾಸ ನನಗೆ ಮನೆಯಲ್ಲೂ ಅಂಟಿಕೊಂಡಿದೆ. ಅಡುಗೆಮನೆಯಲ್ಲಿದ್ದಾಗ ಗೋಡೆಯನ್ನು ಎರಡು ಸಲ ತಟ್ಟುತ್ತೇನೆ. ಗೋಡೆಯಾಚೆ ಕೂತ ಯಜಮಾನರಿಂದ ಮದುವೆಯಾದಂದಿನಿಂದ ಉತ್ತರ ಬಂದದ್ದಿಲ್ಲ. ಒಮ್ಮೆ ಮಾತ್ರ, 'ಏನು, ಹಲ್ಲಿ ಹೊಡೀತಿದೀಯಾ?' ಎಂದು ಕೇಳಿದ್ದರು.

ತಮ್ಮ ವಿರುದ್ಧ ಸಾಕ್ಷ್ಯ ಬೇಕಲ್ಲ ಎಂದು, ಒಂದು ರಜೆಯ ದಿನ ನಾನೇ ಒಂದು ಕಾದಂಬರಿ ಕೈಗೆತ್ತಿಕೊಂಡೆ. ಪೆನ್ಸಿಲು ಹಿಡಿದು ತಪ್ಪುಗಳಿಗೆ ಗುರುತು ಹಾಕುವ ಉದ್ದೇಶವಿತ್ತು. ಮೊದಲ ಪುಟಕ್ಕೆ ಬಾಗಿಲ ಗಂಟೆ ಹೊಡೆಯಿತು. ಪ್ಯಾಂಟು ರೆಡಿಯಾ ಎಂದು ಒಬ್ಬರು. ಎರಡನೆಯ ಪುಟಕ್ಕೆ ಮೇಲಿನ ಮನೆಯ ಓನರಮ್ಮ, ನೀರಿನ ಮೋಟರು ಆರಿಸಿದಿರಾ ಎಂದು. ಆಮೇಲೆ ಅತ್ತೆಯವರ ಕನ್ನಡಕ ಕಳೆಯಿತು, ಅದು ಅವರ ತಲೆಯ ಮೇಲೆ ಸಿಕ್ಕಿತು. ನಾದಿನಿ ಫೋನು ಮಾಡಿ ಸುಮ್ಮನೆ ಮಾಡಿದೆ ಎಂದಳು, ಸುಮ್ಮನೆ ಬಹಳ ಹೊತ್ತು ಮಾತಾಡಿದಳು. ಮತ್ತೆ ಪ್ಯಾಂಟಿನವರು, ಬೆಲ್ಟು ಅದರಲ್ಲೇ ಇತ್ತೇ ಎಂದು. ಇದರ ನಡುವೆ ನಾನು ಪುಸ್ತಕದೊಳಗೆ ಹೋಗುತ್ತಿದ್ದೆ, ಬರುತ್ತಿದ್ದೆ. ಹೋದಾಗಲೆಲ್ಲ ಅಲ್ಲಿ ಅದೇ ಇಬ್ಬರು, ಅದೇ ಬೆಂಕಿ. ಅವನು ಅವಳ ಮಾತು ಕೇಳುತ್ತಿದ್ದ, ಅವಳು ಪೂರ್ತಿ ಹೇಳಿ ಮುಗಿಸುತ್ತಿದ್ದಳು. ಇಡೀ ಪುಸ್ತಕ ಮುಗಿದರೂ ಒಬ್ಬರೂ ಬಂದು ಗಂಟೆ ಒತ್ತಲಿಲ್ಲ, ಮಾನ್ಯರೇ! ನಾನು ಪೆನ್ಸಿಲು ಕೆಳಗಿಟ್ಟು ಅತ್ತುಬಿಟ್ಟೆ.

ಆಗ ತಿಳಿಯಿತು ತಮ್ಮ ಗುಟ್ಟು. ಜನರಿಗೆ ಬೇಕಾಗಿರುವುದು ಹಿಮವೂ ಅಲ್ಲ, ಗಡ್ಡವೂ ಅಲ್ಲ. ಹೊರಗಿನವರು ಒಳಗೆ ಬರಲಾಗದ, ಒಳಗಿನವರು ಹೊರಗೆ ಹೋಗಲು ನೆಪ ಸಿಗದ ಮೂರು ದಿನ. ಬೇರೆ ಯಾರೂ ಇಲ್ಲದಿದ್ದಾಗ, ಇದ್ದ ಒಬ್ಬರನ್ನಾದರೂ ಮನುಷ್ಯ ಕಣ್ಣೆತ್ತಿ ನೋಡುತ್ತಾನೆ. ಇಷ್ಟು ಸಣ್ಣ ಸಂಗತಿಗೆ ಇಡೀ ಪರ್ವತಶ್ರೇಣಿಯನ್ನು ಹಿಮದಲ್ಲಿ ಹೂಳಬೇಕಾಗುತ್ತದೆಂದರೆ, ತಮ್ಮ ಇಲಾಖೆಯ ಕಷ್ಟವೂ ನನಗೆ ಅರ್ಥವಾಗುತ್ತದೆ.

ಈಗ ಮಂಗಳವಾರದ ವಿಷಯ. ಅಂದು ಯಜಮಾನರು ಮ್ಯಾನೇಜರ ಅಂಗಿಗಳನ್ನು ಕೊಡಲು ಗೋದಾಮಿಗೆ ಬಂದವರು, 'ಸಾರ್, ಒಂದೇ ಒಂದ್ಸಲ ಒಳಗೆ ಹೋಗಿ ಬರ್ತೀನಿ' ಎಂದು ಗೋಗರೆದರು. ತನ್ನ ಅಂಗಿಗಳೆಲ್ಲ ಯಾರ ಕೈಯಲ್ಲಿವೆಯೋ ಅವರನ್ನು ಎದುರು ಹಾಕಿಕೊಳ್ಳುವ ಧೈರ್ಯ ಯಾವ ಅಧಿಕಾರಿಗೂ ಇಲ್ಲ. ಮ್ಯಾನೇಜರು ಐದು ನಿಮಿಷಕ್ಕೆ ಒಪ್ಪಿದರು. ಹೀಟರಣ್ಣ ಗೊಣಗುತ್ತಲೇ ತಮ್ಮ ಕೋಟು ಬಿಚ್ಚಿ ಕೊಟ್ಟರು. ಬಾಗಿಲಲ್ಲಿ ಯಜಮಾನರು ನನ್ನನ್ನು ತಡೆದು, 'ನೀನು ಹೊರಗಿರು, ಒಬ್ಬನೇ ಇದ್ರೇನೇ ಫೀಲಿಂಗ್ ಬರೋದು' ಎಂದರು. ನಾನು ತಟ್ಟಿದರೆ ತಿರುಗಿ ತಟ್ಟಬೇಕು ಎಂದು ಹೇಳಿ, ಎರಡು ಸಲ ಒಪ್ಪಿಸಿ, ಒಳಗೆ ಬಿಟ್ಟೆ.

ತಟ್ಟಿದೆ. ಉತ್ತರವಿಲ್ಲ. ಮನೆಯ ಗೋಡೆಯ ಅಭ್ಯಾಸವಿದ್ದುದರಿಂದ ಮೊದಲ ಸಲಕ್ಕೆ ನನಗೆ ಆಶ್ಚರ್ಯವಾಗಲಿಲ್ಲ. ಮತ್ತೆ ತಟ್ಟಿದೆ. ಆಗಲೂ ಇಲ್ಲ. ಮೂರನೆಯ ಸಲ ಅಂಗೈಯಿಂದಲೇ ಬಡಿದೆ. ಈ ಮನುಷ್ಯ ಫ್ಯಾನು ಹಾಕಲು, ಕಿಟಕಿ ತೆಗೆಯಲು, ಹಲ್ಲಿಯ ಬಗ್ಗೆ ಕೇಳಲು ಇನ್ನು ಇರಲಾರ ಎಂದುಕೊಂಡೆ. ಗುಂಡಿ ಒತ್ತಿದೆ. ಲಾರಿ ತುಂಬುತ್ತಿದ್ದವರು, ಲೆಕ್ಕದವರು, ಕಾವಲಿನವರು, ಕ್ಯಾಂಟೀನಿನ ಅಡುಗೆಯವರು ಸೌಟು ಸಮೇತ, ಎಲ್ಲರೂ ಓಡಿ ಬಂದರು. ಹೀಟರಣ್ಣನೂ ನಾನೂ ಬಾಗಿಲು ತಳ್ಳಿದೆವು. ಒಳಗೆ, ಐಸ್‌ಕ್ರೀಮಿನ ಪೆಟ್ಟಿಗೆಗಳ ಮೇಲೆ ಯಜಮಾನರು ಒರಗಿ ಕುಳಿತಿದ್ದರು. ಟೋಪಿ ತೆಗೆದಿಟ್ಟಿದ್ದರು, ಕಣ್ಣು ಮುಚ್ಚಿದ್ದರು, ರೆಪ್ಪೆಗಳು ಬೆಳ್ಳಗಾಗಿದ್ದವು, ತುಟಿಯ ಮೇಲೆ ಒಂದು ಕಿರುನಗೆ ಇಟ್ಟುಕೊಂಡಿದ್ದರು. ನಾನು ಕೂಗಿದ್ದಕ್ಕೆ ಒಂದು ಕಣ್ಣು ತೆರೆದು, ಹಲ್ಲು ಕಟಕಟಿಸುತ್ತ, 'ತಟ್ಟಿದ್ದು ಕೇಳಿಸ್ತು. ನೀನು ಬಾಗಿಲು ಒಡ್ಕೊಂಡು ಬರ್ತೀಯಾ ಅಂತ ಸುಮ್ನಿದ್ದೆ' ಎಂದರು. ಒಳಗಿನಿಂದಾಗಲಿ ಹೊರಗಿನಿಂದಾಗಲಿ ಒಂದು ಬೆರಳಲ್ಲಿ ತಳ್ಳಿದರೆ ತೆರೆಯುವ ಬಾಗಿಲು ಅದು, ಮಾನ್ಯರೇ. ಅಷ್ಟು ಹೇಳಿದವರು ನನ್ನ ಬೆನ್ನ ಹಿಂದೆ ನಿಂತ ಇಡೀ ಗೋದಾಮನ್ನು ನೋಡಿ, 'ಇವರೆಲ್ಲ ಯಾಕೆ ಬಂದ್ರು?' ಎಂದು ಬೇಸರದಿಂದ ಕೇಳಿದರು. ಅಷ್ಟರಲ್ಲಿ ಅಂಗಳದಲ್ಲಿ ವೆನಿಲಾ ಹೊಳೆ ಹರಿಯುತ್ತಿತ್ತು.

ಮ್ಯಾನೇಜರಿಗೆ ಇಷ್ಟು ವಿವರಣೆ ಸಾಕು. ಮುಂದಿನದು ತಮಗಾಗಿ ಮಾತ್ರ. ಮ್ಯಾನೇಜರು ದಯವಿಟ್ಟು ಈ ಭಾಗವನ್ನು ಓದಬಾರದು.

ಯಜಮಾನರನ್ನು ವಿಶ್ರಾಂತಿ ಕೋಣೆಯಲ್ಲಿ ಕೂರಿಸಿ ಕಂಬಳಿ ಹೊದಿಸಿದೆವು. ಅವರ ಮೂಗು ಧಾರಾಕಾರ ಸೋರುತ್ತಿತ್ತು, ಒರೆಸಲು ಕೈ ಏಳುತ್ತಿರಲಿಲ್ಲ, ನಾನೇ ಒರೆಸಿದೆ. ಆಗ ನನ್ನ ಮುಖವನ್ನು ಬಹಳ ಹೊತ್ತು ನೋಡಿ, 'ನೀನು ದಿನಾ ಇದರೊಳಗೇ ಇರ್ತೀಯಾ?' ಎಂದು ಕೇಳಿದರು. ಹೀಟರಣ್ಣ ಏನೋ ಬಿಸಿಬಿಸಿಯಾಗಿ ಹೇಳಹೊರಟವರು, ಅರ್ಧಕ್ಕೇ ಬಿಟ್ಟು ಹೊರಗೆ ಹೋಗಿ ಬಾಗಿಲು ಮುಚ್ಚಿಕೊಂಡರು.

ಮರುದಿನ ಸಂಜೆ ನಾನು ಇಸ್ತ್ರಿ ಅಂಗಡಿಯ ಮುಂದೆ ಹಾದು ಹೋಗುವಾಗ ಯಜಮಾನರು ಕರೆದರು. ಒಂದು ಹಳೆಯ ಟವೆಲನ್ನು ಮೇಜಿನ ಮೇಲೆ ಹಾಸಿ, ನೀರು ಚಿಮುಕಿಸಿ, ಆವಿ ಏಳುವಂತೆ ಇಸ್ತ್ರಿ ಮಾಡಿ, ನಾಲ್ಕು ಮಡಿಕೆ ಮಾಡಿ, ನನ್ನ ಎರಡೂ ಕೈಗಳನ್ನು ಅದರೊಳಗಿಟ್ಟು ಸುತ್ತಿದರು. ಗಿರಾಕಿಯ ರೇಷ್ಮೆ ಬಟ್ಟೆಗೂ ಅಷ್ಟು ಜೋಪಾನವಾಗಿ ಕೈ ಹಾಕಿದ್ದನ್ನು ನಾನು ನೋಡಿಲ್ಲ. ಸುಡುತ್ತಿದೆಯೇ ಎಂದು ಕೇಳಿದರು. ಸ್ವಲ್ಪ ಸುಡುತ್ತಿತ್ತು, ಇಲ್ಲ ಎಂದೆ. ತಮ್ಮ ನಾಯಕರೆಲ್ಲ ಬರೀ ಊದುವವರು, ಮಾನ್ಯರೇ. ಹೆಂಡತಿಯ ಕೈಗೆ ಇಸ್ತ್ರಿ ಮಾಡಿದವನು ತಮ್ಮ ಕಡತಗಳಲ್ಲಿ ಒಬ್ಬನಾದರೂ ಇದ್ದರೆ ತೋರಿಸಿ. ಆದರೆ ಟವೆಲು ಬಿಚ್ಚುವ ಮೊದಲೇ ಪ್ಯಾಂಟಿನವರು ಬಂದರು, ಬೆಲ್ಟು ಸಿಕ್ಕಿತೆಂದು ಹೇಳಲು.

ಆದಕಾರಣ ತಮ್ಮಲ್ಲಿ ನನ್ನ ದೂರು ಈಗ ವಿನಂತಿಯಾಗಿ ಬದಲಾಗಿದೆ. ತಾವು ಒಮ್ಮೆ ನಮ್ಮ ಬೀದಿಗೂ ದಯಮಾಡಿಸಬೇಕು, ಮೂರೇ ದಿನಕ್ಕೆ. ನನಗೆ ಉಳಿದಿರುವ ರಜೆ ಅಷ್ಟೆ. ಬರುವ ಮುನ್ನ ಅತ್ತೆಯವರು ನಾದಿನಿಯ ಮನೆಯಲ್ಲಿರುವಂತೆ ನೋಡಿಕೊಳ್ಳಬೇಕು, ಅಲ್ಲಿ ಟಿ.ವಿ. ಕೆಡಬಾರದು, ಅವರ ಕನ್ನಡಕ ಕಣ್ಣಿನ ಮೇಲೆಯೇ ಇರಬೇಕು. ಊರಿನ ಕರೆಂಟು ತೆಗೆಯುವುದು ಬೇಡ, ನಮ್ಮ ಬಾಗಿಲ ಗಂಟೆಯದನ್ನು ಮಾತ್ರ ತೆಗೆಯಿರಿ. ಪ್ಯಾಂಟಿನವರನ್ನು ಅವರ ಮನೆಯಲ್ಲಿಯೇ, ಅವರಿಷ್ಟದ ಬೆಲ್ಟಿನೊಂದಿಗೆ, ಹಿಮದಲ್ಲಿ ಹೂಳಬಹುದು, ಊಟಕ್ಕೆ ತೊಂದರೆಯಾಗಬಾರದು. ಓನರಮ್ಮನ ನೀರಿನ ತೊಟ್ಟಿ ಹಳೆಯದು, ಸೂರಿನ ಮೇಲೆ ಹಿಮವನ್ನು ಹಗುರವಾಗಿ ಸುರಿಸಬೇಕಾಗಿ ಕೋರಿಕೆ. ಎರಡನೆಯ ಮಂಚ ತೆಗೆಸುವ ಶ್ರಮ ಬೇಡ, ನಮ್ಮಲ್ಲಿ ಮೊದಲಿನಿಂದಲೂ ಒಂದೇ ಇರುವುದು. ಕೆಂಡ, ಟವೆಲು, ಇಸ್ತ್ರಿ ಪೆಟ್ಟಿಗೆ ನಮ್ಮವೇ ಇವೆ. ಗಡ್ಡದವನನ್ನು ಕಳಿಸಬೇಡಿ, ಇರುವವರೇ ಸಾಕು. ಬರಲು ತಮಗೆ ಸೆಕೆಯ ಅಡ್ಡಿಯಿದ್ದರೆ ದಾರಿಯಲ್ಲಿ ನಮ್ಮ ಕೋಲ್ಡ್ ರೂಮಿನಲ್ಲಿ ತಂಗಬಹುದು, ಆದರೆ ಹೀಟರಣ್ಣ ಹೊರಗಿನಿಂದ ತಟ್ಟಿದರೆ ದಯವಿಟ್ಟು ತಿರುಗಿ ತಟ್ಟಿ.

ನಿನ್ನೆ ಅಡುಗೆಮನೆಯಲ್ಲಿ, ಯೋಚಿಸದೆಯೇ, ಗೋಡೆಯನ್ನು ಎರಡು ಸಲ ತಟ್ಟಿದೆ. ಗೋಡೆಯ ಆಚೆಯಿಂದ, ಸ್ವಲ್ಪ ತಡವಾಗಿ, ಬಹುಶಃ ಪುಟ ಮುಗಿಸಿಕೊಂಡೇ, ಎರಡು ತಟ್ಟು ಬಂತು. ನಾನು ಒಲೆ ಆರಿಸಿ ಗೋಡೆಗೆ ಕಿವಿ ಹಚ್ಚಿದೆ. ಅತ್ತೆಯವರು, 'ಅಯ್ಯೋ, ಈಗ ಹಲ್ಲಿ ಎರಡಾದ್ವಲ್ಲ' ಎಂದರು. ಹೆಚ್ಚು ಬರೆದಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ತಮ್ಮ ದಾರಿಯನ್ನೇ ಕಾಯುತ್ತ, ಆದರೂ ಸ್ವೆಟರ್ ಬಿಚ್ಚದೆ ಇರುವ,
ತಮ್ಮ ವಿಶ್ವಾಸಿ,
ಕೋಲ್ಡ್ ರೂಮಿನ ಹೊರಬಾಗಿಲಿನವಳು

ತಾ.ಕ.: ಈ ಪ್ರತಿಯನ್ನು ಪಡೆದ ಮ್ಯಾನೇಜರ ಅವಗಾಹನೆಗೆ: ಓದಬಾರದೆಂದ ಭಾಗವನ್ನು ತಾವು ಓದಿದ್ದೀರಿ ಎಂದು ಬಲ್ಲೆ, ಇರಲಿ. ತಟ್ಟಿದ್ದಕ್ಕೆ ಒಳಗಿನಿಂದ ಉತ್ತರ ಬಾರದಿದ್ದರೆ ಸೈರನ್ ಒತ್ತಬೇಕೆಂಬುದು ತಮ್ಮ ಗೋದಾಮಿನದೇ ನಿಯಮ. ನಾನು ಅದನ್ನು ಪಾಲಿಸಿದ್ದೇನೆ. ಅದೇ ನಿಯಮವನ್ನು ಸಂಸಾರಗಳಿಗೂ ವಿಸ್ತರಿಸಿ ಮನೆಗೊಂದು ಗುಂಡಿ ಕೊಟ್ಟಿದ್ದರೆ, ತಮ್ಮ ಮನೆಯದೂ ಸೇರಿದಂತೆ, ಈ ಊರಿನಲ್ಲಿ ಯಾರಿಗೂ ಒಂದು ದಿನ ನೆಟ್ಟಗೆ ನಿದ್ದೆ ಬರುತ್ತಿರಲಿಲ್ಲ.